ಸತ್ತವಳ ಹೆಸರಿನಲ್ಲಿ ಹಾಡಿದವಳು

"ಈ ಹೆಸರು ಬರೆಸಿದ ಕೈಗೆ ಹುಳ ಬೀಳ್ಲಿ."

"ಬರೆಸಿದ್ದು ನಾನೇ ಕಣೇ. ಬೀಳೋದಾದ್ರೆ ನನ್ನ ಕೈಗೇ ಬೀಳ್ಲಿ. ಇದೇ ಕೈಯಿಂದ ಹದಿಮೂರು ವರ್ಷ ಅನ್ನ ಹಾಕಿಸ್ಕೊಂಡು ತಿಂದ್ಯಲ್ಲ, ಆಗ ಕಾಣಿಸ್ಲಿಲ್ವಾ ನಿಂಗೆ ಹುಳ?"

ಬೊಬೆ ಕೈಯಲ್ಲಿದ್ದ ಕಾಗದವನ್ನು ನೆಲಕ್ಕೆ ಬಿಸಾಡಿದಳು. ಅವರ ಮೊದಲನೆಯ ರೆಕಾರ್ಡಿನ ಹೊದಿಕೆ ಅದು. ಅಚ್ಚಿನ ಮನೆಯವರು ಮಾದರಿ ನೋಡಿ ಒಪ್ಪಿಗೆ ಕೊಡಿ ಎಂದು ಕಳಿಸಿದ್ದರು. ಮಸಿಯ ವಾಸನೆ ಇನ್ನೂ ಆರಿರಲಿಲ್ಲ. ಒಂದೇ ಬಗೆಯ ಬಿಳಿ ಉಡುಪು ತೊಟ್ಟ ಮೂವರು ಹುಡುಗಿಯರ ಚಿತ್ರ, ಮೇಲೆ ದಪ್ಪ ಅಕ್ಷರದಲ್ಲಿ ಲಾರ್ಕ್ ಸಿಸ್ಟರ್ಸ್ ಎಂಬ ತಂಡದ ಹೆಸರು, ಕೆಳಗೆ ಮೂವರ ಹೆಸರು: ಮಾ ಇನ್ಸುಕ್, ಮಾ ದೋಹಿ, ಮಾ ಮಾಲ್ಜಾ. ನಡುವೆ ಮೈಕಿನ ಮುಂದೆ ನಿಂತವಳು ಬೊಬೆ. ಅವಳ ಪಾದದ ಕೆಳಗೆ ಅಚ್ಚಾಗಿದ್ದ ಇನ್ಸುಕ್ ಎಂಬ ಹುಡುಗಿ ಸತ್ತು ಹದಿಮೂರು ವರ್ಷವಾಗಿತ್ತು.

ಸುನ್ಯೆ ಕೂತಲ್ಲಿಂದ ಏಳಲಿಲ್ಲ. ಅಡಿಯ ಒಲೆಯ ಕಾವಿಗೆ ಬೆಚ್ಚಗಿದ್ದ ನೆಲದ ಮೇಲೆ ಕಾಲು ಮಡಿಸಿ ಕೂತು, ಶುಕ್ರವಾರದ ಹಾಡಿನ ಪರೀಕ್ಷೆಗೆ ತೊಡುವ ಉಡುಪಿಗೆ ಮಿಂಚುವ ಬಿಲ್ಲೆಗಳನ್ನು ಹೊಲಿಯುತ್ತಿದ್ದಳು. ಲಾರ್ಕ್ ಸಿಸ್ಟರ್ಸ್‌ಗೆ ತಾಯಿ, ಯಜಮಾನಿ, ದರ್ಜಿ ಎಲ್ಲ ಅವಳೇ.

"ನಾನು ನಿಮ್ಮನ್ನ ಬಂಗಾರ ಕೇಳಿದ್ನಾ ಅಮ್ಮ? ನನ್ನ ಹೆಸರು ಕೇಳ್ದೆ. ಪ್ಯೋ ಬೊಬೆ. ಮೂರೇ ಮೂರು ಅಕ್ಷರ."

"ಅಕ್ಕತಂಗೀರು ಮೂರು ಜನ. ಮನೆತನದ ಹೆಸರು ಇಬ್ಬರದು ಮಾ, ಒಬ್ಬಳದು ಪ್ಯೋ. ನೋಡಿದೋರು ಏನಂತಾರೆ? ಸುನ್ಯೆ ಇಬ್ಬರು ಗಂಡಂದಿರನ್ನ ಕಟ್ಕೊಂಡಿದ್ಲು ಅಂತಾರೆ."

"ಎರಡನೇ ಗಂಡನಿಗೆ ಕಂಠ ಚೆನ್ನಾಗಿತ್ತು ಅಂತಾನೂ ಅಂತಾರೆ," ಎಂದಳು ದೋಹಿ. ಅವಳು ನಡುವಿನವಳು, ಮೂಲೆಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. "ನಮ್ಮಪ್ಪ ಹಾಡಿದ್ದು ಕೇಳಿದೋರು ಹಾಗೇ ಅಂದ್ಕೊಳ್ಳೋದು."

ಚಿಕ್ಕವಳು ಮಾಲ್ಜಾ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು.

"ನೀವು ಮಾತು ಕೊಟ್ಟಿದ್ರಿ," ಎಂದಳು ಬೊಬೆ. "ಹೋದ ವರ್ಷ ಪರೀಕ್ಷೇಲಿ ಎಎ ದರ್ಜೆ ಬಂದಾಗ ಕೊಟ್ರಿ. ರೇಡಿಯೋಕ್ಕೆ ಹೋಗೋ ದಿನ ಕೊಟ್ರಿ. ರೆಕಾರ್ಡ್ ಬರ್ಲಿ, ಅದರ ಮೇಲೆ ನಿನ್ನ ಹೆಸರೇ ಹಾಕಿಸ್ತೀನಿ ಅಂದ್ರಿ."

"ಎರಡನೇ ರೆಕಾರ್ಡಿಗೆ ಹಾಕ್ಸೋಣ ಬಿಡು."

"ಎರಡನೇದಕ್ಕೆ ಮೂರನೇದು ಅಂತೀರ."

"ಅಂತೀನಿ. ಏನೀಗ?" ಸುನ್ಯೆ ಹಲ್ಲಿನಲ್ಲಿ ದಾರ ಕಡಿದಳು. "ಓಕಿನಾವಾದ ದಂಡಿನ ಕ್ಯಾಂಪಿಗೆ ಹಾಡೋಕೆ ಹೋಗೋ ಕಾಗದ ಎಲ್ಲಾ ಇನ್ಸುಕ್ ಹೆಸರಲ್ಲಿ ಸರ್ಕಾರದ ಮುಂದೆ ಕೂತಿದೆ. ಈಗ ಬಂದು ನಾನು ಬೊಬೆ, ನಾನು ಪ್ಯೋ ಅಂತ ಕುಣೀಬೇಡ. ಹೋಗು, ಗಂಟಲಿಗೆ ಬಿಸಿನೀರು ಹಾಕ್ಕೋ. ಕಿರುಚಿ ಕಿರುಚಿ ಒಡೆದುಕೊಂಡಿದ್ದೀಯ."

ಬೊಬೆ ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಗೆ ಹೋದಳು. ಪಕ್ಕಕ್ಕೆ ಜಾರುವ ಹಲಗೆಯ ಬಾಗಿಲು ಹಳಿ ತಪ್ಪಿ ಅರ್ಧಕ್ಕೆ ನಿಂತಿತು. "ಅದನ್ನೂ ಮುರಿ," ಎಂದಳು ಸುನ್ಯೆ ಒಳಗಿನಿಂದ.

ಹೆಸರಿನ ಹಟ ಬೊಬೆಗೆ ಮೆರೆಯುವುದಕ್ಕೆ ಬಂದದ್ದಲ್ಲ. ಐವತ್ತನೆಯ ಇಸವಿಯ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ಬಡಗಣ ಸೀಮೆಯ ಹುಂಗ್ನಾಮ್ ಬಂದರಿನ ಹಿಮದಲ್ಲಿ ಜನ ಹಡಗಿಗಾಗಿ ಒಬ್ಬರನ್ನೊಬ್ಬರು ತುಳಿಯುತ್ತಿದ್ದಾಗ, ಅವಳ ಅಣ್ಣ ಗಿಲ್ಸು ಅವಳನ್ನು ಹೆಗಲ ಮೇಲೆ ಎತ್ತಿ ಹಡಗಿಗೆ ಸರಕು ಎತ್ತುವ ಬಲೆಯೊಳಕ್ಕೆ ತಳ್ಳಿದ್ದ. ಅವಳಿಗೆ ಹತ್ತು, ಅವನಿಗೆ ಹದಿನಾಲ್ಕು. "ಮುಂದಿನ ಹಡಗಿಗೆ ಬರ್ತೀನಿ, ಇಳಿದಲ್ಲೇ ನಿಂತಿರು" ಎಂದು ಕೂಗಿದ್ದ. ಅವಳು ಇಳಿದಲ್ಲೇ ನಿಂತಿದ್ದಳು. ನಿಂತವರನ್ನು ಸಿಪಾಯಿಗಳು ಲಾರಿಗೆ ತುಂಬಿ ಬೇರೆ ಕಡೆಗೆ ಸಾಗಿಸಿದರು. ಅಲ್ಲಿಂದ ಪುಸಾನಿನ ನಿರಾಶ್ರಿತರ ಡೇರೆಗೆ ಬಂದು ಬಿದ್ದಳು. ಊರಿನವರೆಲ್ಲ ಕಳೆದುಹೋದವರ ಹೆಸರು ಬರೆದು ಸೇತುವೆಯ ಕಂಬಕ್ಕೆ ಅಂಟಿಸುತ್ತಿದ್ದರು. ಅವಳೂ ಅಂಟಿಸಿದಳು. ಮಳೆ ಬಂದಾಗಲೆಲ್ಲ ಹೊಸದಾಗಿ ಬರೆದು ಅಂಟಿಸಿದಳು.

ಸುನ್ಯೆ ಸಿಕ್ಕಿದ್ದು ಅದೇ ಡೇರೆಯಲ್ಲಿ. ರಾಜಧಾನಿ ಸೋಲ್‌ನಿಂದ ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಓಡಿಬಂದವಳು. ಗಂಡ ಯುದ್ಧದಲ್ಲಿ ಕಾಣೆಯಾಗಿದ್ದ. ಹಿರಿಯ ಮಗಳು ಇನ್ಸುಕ್ ಜ್ವರ ಬಂದು ಜನವರಿಯಲ್ಲಿ ಸತ್ತಳು. ಸತ್ತದ್ದನ್ನು ಸುನ್ಯೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ರೇಷನ್ ಚೀಟಿಯಿಂದ ಒಂದು ತಲೆ ಕಡಿಮೆಯಾಗುತ್ತಿತ್ತು, ಉಳಿದಿಬ್ಬರಿಗೆ ಗಂಜಿ ಸಾಲುತ್ತಿರಲಿಲ್ಲ. ಹೆಣವನ್ನು ಗುಡ್ಡದ ಹಿಂದೆ ಹೂತುಬಂದ ಮೂರನೆಯ ದಿನ ಅಧಿಕಾರಿ ತಲೆ ಎಣಿಸಲು ಬಂದ. ಪಕ್ಕದಲ್ಲಿ ಚಳಿಗೆ ನಡುಗುತ್ತ ಕೂತಿದ್ದ ಹತ್ತು ವರ್ಷದ ಹುಡುಗಿಯನ್ನು ಸುನ್ಯೆ ರಟ್ಟೆ ಹಿಡಿದು ಎಳೆದುಕೊಂಡು, "ಇವಳೇ ಇನ್ಸುಕ್" ಎಂದಳು. ಆ ಸಂಜೆ ಬೊಬೆಗೆ ಒಂದು ಬಟ್ಟಲು ಬಾರ್ಲಿ ಗಂಜಿ ಸಿಕ್ಕಿತು. ಹತ್ತು ವರ್ಷದ ಹೊಟ್ಟೆ ಹೆಸರು ಕೇಳುತ್ತದೆಯೇ?

ಸೋಲ್‌ಗೆ ಮರಳಿದ ಮೇಲೂ ಅವಳು ಇನ್ಸುಕ್ ಆಗಿಯೇ ಉಳಿದಳು. ಶಾಲೆಯಲ್ಲಿ ಇನ್ಸುಕ್, ನಾಗರಿಕ ಚೀಟಿಯಲ್ಲಿ ಇನ್ಸುಕ್. ಬಡಗಣ ಸೀಮೆಯ ಮಾತು ಆಡಿದರೆ ಗೂಢಚಾರರ ಮನೆಯೆಂದು ಪೊಲೀಸರು ಬರುತ್ತಾರೆಂದು ಸುನ್ಯೆ ತೊಡೆ ಚಿವುಟಿ ಚಿವುಟಿ ಅವಳ ಮಾತು ತಿದ್ದಿದಳು. ಅಮೆರಿಕದ ದಂಡಿನವರ ರೇಡಿಯೋ ಹಚ್ಚಿ, ಕೇಳಿದ ಹಾಡನ್ನು ನಮ್ಮ ಅಕ್ಷರದಲ್ಲಿ ಬರೆದುಕೊಂಡು ಗಿಳಿಯ ಹಾಗೆ ಒಪ್ಪಿಸುವುದನ್ನೂ ಸುನ್ಯೆಯೇ ಕಲಿಸಿದಳು. ದೋಹಿಗೂ ಮಾಲ್ಜಾಗೂ ಕಂಠ ಇತ್ತು, ಆದರೆ ಒಬ್ಬರ ಹಿಂದೆ ನಿಂತು ಹಾಡುವಷ್ಟು. ಮುಂದೆ ನಿಲ್ಲುವ ಗಂಟಲು ಬೊಬೆಯದೊಂದೇ. ಅವಳಿಗೆ ಹದಿನಾರು ತುಂಬುವ ಹೊತ್ತಿಗೆ ಮೂವರೂ ಸಮ್ಗಾಕ್ಜಿ ಚೌಕದಿಂದ ಹೊರಡುವ ಲಾರಿಯಲ್ಲಿ, ವಾದ್ಯದವರ ನಡುವೆ ಇರುಕಿಕೊಂಡು, ಕ್ಯಾಂಪಿನಿಂದ ಕ್ಯಾಂಪಿಗೆ ಹಾಡಲು ಹೋಗುತ್ತಿದ್ದರು. ಆರು ತಿಂಗಳಿಗೊಮ್ಮೆ ದಂಡಿನವರು ಎಲ್ಲ ತಂಡಗಳನ್ನೂ ಕರೆದು ಪರೀಕ್ಷೆ ಮಾಡಿ ದರ್ಜೆ ಕೊಡುತ್ತಿದ್ದರು. ಎಎ ಬಂದರೆ ದೊಡ್ಡ ಕ್ಯಾಂಪು, ಎ ಬಂದರೆ ಸಣ್ಣದು, ಸಿ ಬಂದರೆ ಲಾರಿ ನಿಮ್ಮನ್ನು ಹತ್ತಿಸಿಕೊಳ್ಳುವುದಿಲ್ಲ.

ಏಳು ವರ್ಷ ಬೊಬೆ ಪರದೇಶದ ಸಿಪಾಯಿಗಳ ಮುಂದೆ ಹಾಡಿದಳು. ಅಲ್ಲಿ ಅವಳು ಇನ್ಸುಕ್ ಆದರೇನು, ಬೊಬೆ ಆದರೇನು. ಅವರಿಗೆ ಮೂವರೂ ಒಂದೇ. ಆದರೆ ಹೋದ ಅಕ್ಟೋಬರಿನಲ್ಲಿ ರೇಡಿಯೋದವರು ಕರೆದಾಗ ಮೊದಲ ಸಲ ಅವಳ ದನಿ ನಮ್ಮವರ ಮನೆಮನೆಗೆ ಹೋಯಿತು. ಮೈಕಿನ ಕೆಂಪು ದೀಪ ಹತ್ತಿದಾಗ ಅವಳಿಗೆ ಒಂದೇ ಯೋಚನೆ: ಅಣ್ಣ ಎಲ್ಲಾದರೂ ಬದುಕಿದ್ದರೆ ಕೇಳಿಸಿಕೊಂಡಾನು. ಎರಡು ಹಾಡುಗಳ ನಡುವೆ, ಯಾರೂ ಹೇಳದೆ, ಅವಳು ಒಂದು ರಾಗ ಗುನುಗಿದಳು. ಅವಳ ತಾಯಿ ಸಮುದ್ರದ ದಂಡೆಯಲ್ಲಿ ಒಣಗಲು ಹಾಕುವ ಮೀನನ್ನು ಹಗ್ಗಕ್ಕೆ ಪೋಣಿಸುತ್ತ ಗುನುಗುತ್ತಿದ್ದ ರಾಗ. ಅದಕ್ಕೆ ಮಾತೇ ಇಲ್ಲ. ಗಾಜಿನ ಆಚೆಯಿಂದ ಸುನ್ಯೆ ಕಣ್ಣು ಕೆಂಪಗೆ ಮಾಡಿದಳು. ಹಾಡು ಮುಗಿದ ಮೇಲೆ ನಿರೂಪಕ, "ಹಾಡಿದವರು ಮಾ ಇನ್ಸುಕ್" ಎಂದ.

ಅಂದಿನಿಂದ ಅವಳು ಕಾಯುತ್ತಿದ್ದಳು. ಯಾರೂ ಬರಲಿಲ್ಲ. ದನಿ ಕೇಳಿದರೂ ಹೆಸರು ಬೇರೆಯಾದರೆ ಬರುವುದು ಹೇಗೆ? ರೆಕಾರ್ಡಿನ ಮೇಲೆ ಹೆಸರು ಬಂದರೆ ಅಂಗಡಿ ಅಂಗಡಿಯ ಗಾಜಿನ ಹಿಂದೆ ಇರುತ್ತದೆ, ದಾರಿಹೋಕರೂ ಓದುತ್ತಾರೆ. ಅವಳ ಹಟ ಇಷ್ಟೇ.

ಜಗಳದ ಮಾರನೆಯ ಬೆಳಿಗ್ಗೆ ಬೊಬೆಯೂ ಮಾಲ್ಜಾಳೂ ಕೇರಿಯ ಸ್ನಾನದ ಮನೆಗೆ ಹೋದರು. ಬಿಸಿನೀರಿನ ತೊಟ್ಟಿಯ ಪಕ್ಕದಲ್ಲಿ ಕೂತು ಮಾಲ್ಜಾ ಅಕ್ಕನ ಬೆನ್ನು ಉಜ್ಜುತ್ತಿದ್ದಳು. ಉಜ್ಜುತ್ತ ಉಜ್ಜುತ್ತ ಕೈ ನಿಧಾನವಾಯಿತು.

"ಏನೇ, ನಿದ್ದೆ ಬಂತಾ?"

"ಅಕ್ಕ, ನಾನೊಂದು ಹೇಳ್ತೀನಿ. ಹೊಡೀಬಾರ್ದು."

"ಮತ್ತೆ ನನ್ನ ಕಾಲುಚೀಲ ಹರಿದ್ಯಾ?"

"ನವೆಂಬರಲ್ಲಿ ಒಬ್ಬ ಗಂಡಸು ಬಂದಿದ್ದ ಮನೆಗೆ. ನೀನೂ ದೋಹಿ ಅಕ್ಕನೂ ಉಡುಪಿನ ಅಳತೆ ಕೊಡೋಕೆ ಹೋಗಿದ್ರಿ. ನಾನು ಅಡುಗೆಮನೇಲಿ ಬಟ್ಟೆ ಕುದಿಸ್ತಿದ್ದೆ. ಮಾತು ಬಡಗಣದ್ದು. 'ಬೊಬೆ ಅನ್ನಾಕಿ ಇಲ್ಲಿ ಅದಾಳೇನ್ರೀ ಅವ್ವಾರ' ಅಂದ. ನನಗೆ ನಗು ಬಂತು, ನಾಟಕದವನು ಅಂದ್ಕೊಂಡೆ."

ಬೊಬೆ ತಿರುಗಲಿಲ್ಲ. ಬೆನ್ನಿನ ಮೇಲೆ ನೀರು ಹಾಗೇ ಇಳಿಯುತ್ತಿತ್ತು.

"ಅಮ್ಮ ಇಲ್ಲ ಅಂದ್ಲು. ರೇಡಿಯೋದೋರು ಈ ವಿಳಾಸ ಕೊಟ್ರು, ಹಾಡ್ದೋಳು ಯಾರು ಅಂತ ಕೇಳ್ದ. ನನ್ನ ಹಿರೇ ಮಗಳು ಅಂದ್ಲು ಅಮ್ಮ. ಅವನು ನಂಬ್ಲಿಲ್ಲ. ಆ ರಾಗ ನಮ್ಮವ್ವಂದು, ಬೇರೆ ಯಾರಿಗೂ ಬರಲ್ಲ ಅಂದ. ಎಡಗಾಲ ಹಿಮ್ಮಡಿ ಮೇಲೆ ಸುಟ್ಟ ಕಲೆ ಐತೇನು, ಅಷ್ಟ ಹೇಳ್ರಿ, ಹೊಕ್ಕೀನಿ ಅಂದ."

ಇಬ್ಬರೂ ಬೊಬೆಯ ಎಡ ಹಿಮ್ಮಡಿಯನ್ನು ನೋಡಿದರು. ನೀರಿನಲ್ಲಿ ನೆನೆದು ಕಲೆ ಬೆಳ್ಳಗೆ ಎದ್ದಿತ್ತು.

"ಅಮ್ಮ ಏನಂದ್ಲು?"

"ಒಳಗೆ ಹೋಗಿ ಮನೆತನದ ದಾಖಲೆ ಕಾಗದ ತಂದ್ಲು. ಓಕಿನಾವಾಕ್ಕೆ ಅಂತ ತರಿಸಿದ್ವಲ್ಲ, ಕಚೇರಿಯ ಕೆಂಪು ಮೊಹರು ಇರೋದು, ಅದು. ಮಾ ಇನ್ಸುಕ್, ಹಿರಿಯ ಮಗಳು, ಅಂತ ಬೆರಳಿಟ್ಟು ತೋರಿಸಿದ್ಲು. ಮೊಹರು ನೋಡಿದ್ದೇ ಅವನು ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡ್ದ. ತಪ್ಪಾಯ್ತ್ರೀ, ನಿಮ್ಮ ಮಗಳನ್ನ ನನ್ನ ತಂಗಿ ಅಂದ್ನಿ ಅಂದ. ಒಂದು ಚೀಟಿ ಬರೆದು ಕೊಟ್ಟ. ಮುಂದಿನ ತಿಂಗಳು ಜರ್ಮನಿಗೆ ಕಲ್ಲಿದ್ದಲ ಗಣಿಗೆ ಹೋಗ್ತಿದ್ದೀನಿ, ಮೂರು ವರ್ಷ. ಇದೇ ಕಡೇ ಸಲ ಅಂತ ಹುಡುಕಿದೆ ಅಂದ."

"ಚೀಟಿ?"

"ಅಮ್ಮ ಒಲೆಗೆ ಹಾಕಿದ್ಲು."

"ನೀನು ಈಗ ಹೇಳ್ತಿದ್ದೀಯ. ಫೆಬ್ರವರೀಲಿ."

"ಅಮ್ಮ ಆಣೆ ಹಾಕ್ಸಿದ್ಲು ಅಕ್ಕ. ನೀನು ಹೊರಟೋದ್ರೆ ನಾವು ಮೂರೂ ಜನ ಬೀದೀಲಿ ಅಂದ್ಲು." ಮಾಲ್ಜಾ ಅಳತೊಡಗಿದಳು. "ನಿನ್ನೆ ನೀನು ಆ ಕಾಗದ ಬಿಸಾಕಿದಾಗ ನಾನು ನಕ್ಕೆನಲ್ಲ. ಆಮೇಲೆ ನಿದ್ದೆ ಬರ್ಲಿಲ್ಲ."

ಬೊಬೆ ಅವಳಿಗೆ ಹೊಡೆಯಲಿಲ್ಲ. ತಲೆಯ ಮೇಲೆ ಒಂದು ತಂಬಿಗೆ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಿನಲ್ಲೇ ಮನೆಗೆ ನಡೆದಳು. ಕೂದಲ ತುದಿಯಲ್ಲಿ ಮಂಜು ಕಟ್ಟಿತು.

ಸುನ್ಯೆ ಅಡುಗೆಮನೆಯಲ್ಲಿ ಇಕ್ಕಳದಿಂದ ಉರಿದುಹೋದ ಇದ್ದಿಲ ಬಿಲ್ಲೆಯನ್ನು ತೆಗೆದು ಹೊಸದನ್ನು ಇಡುತ್ತಿದ್ದಳು.

"ನನ್ನ ಅಣ್ಣ ಬಂದಿದ್ನೇನು?"

ಸುನ್ಯೆಯ ಕೈ ನಿಂತಿತು. ಕೇಳಿದ ಮಾತಿಗಿಂತ ಕೇಳಿದ ಧಾಟಿಗೆ ನಿಂತಿತು. ಹದಿಮೂರು ವರ್ಷ ತಿದ್ದಿದ ನಾಲಿಗೆಯಿಂದ ಬಡಗಣದ ಮಾತು ಹೊರಗೆ ಬಂದಿತ್ತು. 'ನೀವು' ಎಂಬುದೂ ಹೋಗಿತ್ತು.

"ಹೇಳು. ಬಂದಿದ್ನಿಲ್ಲೋ? ನನ್ನ ಕಾಲಿನ ಕಲೆ ಹೇಳಿದ್ನಿಲ್ಲೋ? ನೀ ನನ್ನ ಕಾಲ ತೊಳದಾಕಿ, ನಿನಗ ಗೊತ್ತಿದ್ದಿಲ್ಲೇನು ಆ ಕಲೆ?"

"ಗೊತ್ತಿತ್ತು," ಎಂದಳು ಸುನ್ಯೆ. ಸುಳ್ಳು ಹೇಳಲಿಲ್ಲ. ಇಕ್ಕಳ ಕೆಳಗಿಟ್ಟಳು. "ಗೊತ್ತಿತ್ತು ಕಣೇ. ಅವನ ಮೂಗೂ ನಿನ್ನ ಮೂಗೇ. ಬಾಗಿಲು ತೆಗೆದಾಗಲೇ ಗೊತ್ತಾಯ್ತು."

"ಮತ್ತ ಯಾಕ?"

"ಯಾಕೆ ಅಂದ್ರೆ? ಒಬ್ಬಳನ್ನ ಗುಡ್ಡದ ಹಿಂದೆ ಹೂತು ಬಂದೆ. ಇನ್ನೊಬ್ಬಳನ್ನ ಬಾಗಿಲಲ್ಲಿ ನಿಂತು ಕೊಟ್ಟು ಕಳಿಸ್ಲಾ? ಅವನು ಬಲೆಗೆ ಎಸೆದು ಹೋದ. ನಾನು ಎತ್ಕೊಂಡೆ. ನಿನ್ನ ಹೇನು ಹೆಕ್ಕಿದೋಳು ನಾನು. ನಿನ್ನ ಮೊದಲನೇ ಮುಟ್ಟಿನ ಬಟ್ಟೆ ಒಗೆದೋಳು ನಾನು. ಅವನ್ಯಾವನು ಹದಿಮೂರು ವರ್ಷ ಆದ್ಮೇಲೆ ಬಂದು ನನ್ನ ತಂಗಿ ಅನ್ನೋಕೆ?"

"ಪರೀಕ್ಷೆ ಮುಂದಿತ್ತು. ಅದನ್ನೂ ಹೇಳು."

"ಇತ್ತು. ಅದೂ ಇತ್ತು. ನೀನಿಲ್ದೆ ಇವ್ರಿಬ್ರು ಸಿ ದರ್ಜೆಗೂ ಬರಲ್ಲ. ನಾನೇನು ದೇವತೆ ಅಂತ ಹೇಳ್ಕೊಂಡಿದ್ದೀನಾ?"

ಸುಳ್ಳು ಹೇಳುವವರ ಮೇಲೆ ಕೂಗಬಹುದು. ಹೌದು ಎಂದು ಒಪ್ಪಿಕೊಂಡು ಒಲೆಗೆ ಬಿಲ್ಲೆ ಇಡುವವರ ಮೇಲೆ ಏನೆಂದು ಕೂಗುವುದು?

ಬುಧವಾರ ಅವಳು ಕಾರ್ಮಿಕರನ್ನು ಜರ್ಮನಿಗೆ ಕಳಿಸುವ ಕಚೇರಿಗೆ ಹೋದಳು. ಪ್ಯೋ ಗಿಲ್ಸು ಎಂಬ ಹೆಸರು ಪಟ್ಟಿಯಲ್ಲಿ ಇತ್ತು. ಡಿಸೆಂಬರಿನಲ್ಲಿ ಹೊರಟ ಮೊದಲ ವಿಮಾನದಲ್ಲೇ ಹೋಗಿದ್ದ. ವಿಳಾಸ ಕೇಳಿದ್ದಕ್ಕೆ ಗುಮಾಸ್ತ, "ಮನೆಯವರಿಗೆ ಮಾತ್ರ ಕೊಡ್ತೀವಿ. ನೀವು ಯಾರು?" ಎಂದ. ತಂಗಿ ಎಂದಳು. ನಾಗರಿಕ ಚೀಟಿ ತೋರಿಸಿ ಎಂದ. ತೋರಿಸಿದಳು. ಅವನು ಓದಿ, ಅವಳ ಮುಖ ನೋಡಿ, ಚೀಟಿಯನ್ನು ಎರಡು ಬೆರಳಿನಲ್ಲಿ ಹಿಂದಕ್ಕೆ ತಳ್ಳಿದ.

"ಇವರು ಪ್ಯೋ. ನೀವು ಮಾ. ಪಕ್ಕದ ಸಾಲಲ್ಲಿ ಪ್ರೇಯಸಿಯರು ನಿಂತಿದ್ದಾರೆ ನೋಡಿ, ಅವರಿಗೂ ಕೊಟ್ಟಿಲ್ಲ."

ಅಲ್ಲಿಂದ ನೇರ ವಾರ್ಡಿನ ದಾಖಲೆ ಕಚೇರಿಗೆ ಹೋದಳು. ಅಲ್ಲಿ ಕನ್ನಡಕದ ಮುದುಕನೊಬ್ಬ ಕೂತಿದ್ದ. ಬಡಗಣದಿಂದ ಓಡಿಬಂದು ದಾಖಲೆಯಿಲ್ಲದವರಿಗೆ ಹೊಸ ದಾಖಲೆ ಮಾಡಿಕೊಡುತ್ತಾರಂತಲ್ಲ ಎಂದು ಕೇಳಿದಳು.

"ಮಾಡ್ತೀವಿ ತಾಯಿ. ಸಾವಿರಾರು ಜನಕ್ಕೆ ಮಾಡಿದ್ದೀವಿ. ಆದ್ರೆ ನಿಮ್ಮ ಹೆಬ್ಬೆಟ್ಟು ಆಗ್ಲೇ ಮಾ ಇನ್ಸುಕ್ ಹೆಸರಲ್ಲಿ ಇದೆ. ಒಂದು ಹೆಬ್ಬೆಟ್ಟಿಗೆ ಎರಡು ಹೆಸರು ಕೊಡೋಕಾಗಲ್ಲ."

"ಮಾ ಇನ್ಸುಕ್ ಸತ್ತುಹೋಗಿದ್ದಾಳೆ."

ಮುದುಕ ಕನ್ನಡಕ ತೆಗೆದ. "ಹೋದ ಅಕ್ಟೋಬರಲ್ಲಿ ಅವಳು ರೇಡಿಯೋದಲ್ಲಿ ಹಾಡಿದ್ದು ನಾನೇ ಕೇಳಿದ್ದೀನಲ್ಲಮ್ಮ."

"ಹಾಡಿದ್ದು ನಾನು. ಸತ್ತಿದ್ದು ಅವಳು. ಐವತ್ತೊಂದರ ಜನವರೀಲಿ."

ಮುದುಕ ಕನ್ನಡಕವನ್ನು ಮತ್ತೆ ಏರಿಸಿಕೊಂಡ. ಇಂಥ ಕತೆ ಅವನಿಗೆ ಹೊಸದಲ್ಲ ಎಂದು ಕಾಣುತ್ತದೆ. ಬೈಯಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. ಎದ್ದು ಹೋಗಿ ಒಂದು ನಮೂನೆ ತಂದು ಕೊಟ್ಟ. ಸಾವಿನ ವರದಿಯ ನಮೂನೆ.

"ಮನೆಯ ಯಜಮಾನರು ಸಹಿಗೆ ಬದಲು ಒತ್ತೋ ಮೊಹರು ಬೇಕು. ತಾಯಿ ಇದ್ದಾರಾ? ಅವರು ಮೊಹರು ಒತ್ತಿದ್ರೆ ಇನ್ಸುಕ್ ಹೆಸರಿಗೆ ಗೆರೆ ಎಳೀತೀನಿ. ಆಮೇಲೆ ನಿಮ್ಮ ಹೆಸರು ಬರೀತೀನಿ. ಮೊಹರು ಇಲ್ದೆ ಬಂದ್ರೆ ನೀವೇ ಇನ್ಸುಕ್."

ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಹತ್ತಿರ ಇಟ್ಟುಕೊಂಡು ಬಂದಳು. ಗುರುವಾರ ಬೆಳಿಗ್ಗೆ ಸುನ್ಯೆಯ ಮುಂದೆ ಬಿಡಿಸಿ ಇಟ್ಟಳು. ಸುನ್ಯೆಗೆ ಓದು ಅಷ್ಟಕ್ಕಷ್ಟೇ. ಆದರೂ ಆ ನಮೂನೆ ಯಾವುದೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಮುಖ ಸುಟ್ಟ ಬಾಳೆ ಎಲೆಯ ಹಾಗಾಯಿತು.

"ನಾಳೆ ಪರೀಕ್ಷೆ," ಎಂದಳು ಕೊನೆಗೆ.

"ಮೊಹರು ಇಲ್ದೆ ನಾನು ಲಾರಿ ಹತ್ತಲ್ಲ."

ದೋಹಿ ಸಿಡಿದಳು. "ಹಾಗಾದ್ರೆ ನಮ್ಮ ಗತಿ ಏನೇ? ನಿನಗೆ ಅಣ್ಣ ಸಿಕ್ಕಿದ. ನಮಗೆ? ನಾಳೆ ತಪ್ಪಿಸಿದ್ರೆ ಇನ್ನು ಆರು ತಿಂಗಳು ದರ್ಜೆ ಇಲ್ಲ. ನಾನು ಯಾವ ಹೋಟ್ಲಲ್ಲಿ ಕುಣೀಲಿ, ಹೇಳು. ಮಾಲ್ಜಾನ ಎಲ್ಲಿ ಕುಣಿಸೋಣ?"

ಆ ಮಾತಿಗೆ ಬೊಬೆ ಮಾಲ್ಜಾಳ ಕಡೆ ನೋಡಿದಳು. ಮಾಲ್ಜಾ ಏನೂ ಕೇಳಲಿಲ್ಲ. ಕೇಳಿದ್ದರೆ ಬೊಬೆ ಇಲ್ಲ ಎನ್ನುತ್ತಿದ್ದಳೋ ಏನೋ.

ಸುನ್ಯೆ ಸಂದು ಸಿಕ್ಕಿದ್ದನ್ನು ಕಂಡಳು. "ನಾಳೆ ಹಾಡು. ಎಎ ತಗೊಂಡು ಬಾ. ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಮೊಹರು ಒತ್ತಿ ಕೊಡ್ತೀನಿ. ಇನ್ಸುಕ್ ಮೇಲಾಣೆ."

ಸತ್ತವಳ ಮೇಲೆ ಆಣೆ. ಬೊಬೆ ಒಪ್ಪಿದಳು. ದಡ್ಡತನ ಎನ್ನಿ. ಆದರೆ ಆ ಹೆಂಗಸು ಬೇರೆ ಏನನ್ನಾದರೂ ಮಾರಿಯಾಳು, ಸತ್ತ ಮಗಳ ಹೆಸರಿನ ಮೇಲೆ ಸುಳ್ಳಾಡಳು ಎಂದು ಅವಳು ನಂಬಿದ್ದಳು.

ಶುಕ್ರವಾರ ದಂಡಿನ ದೊಡ್ಡ ಕೋಣೆಯಲ್ಲಿ ಮೂವರು ಅಮೆರಿಕದವರು ಮೇಜಿನ ಹಿಂದೆ ಪೆನ್ಸಿಲ್ ಹಿಡಿದು ಕೂತಿದ್ದರು. ಅವರಿಗಿಂತ ಮುಂಚೆ ಹಾಡಿದ ತಂಡದ ಹುಡುಗಿ ಹೊರಗೆ ಗೋಡೆಗೆ ಒರಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಬೊಬೆ ಮೈಕಿನ ಮುಂದೆ ನಿಂತಳು. ಹಿಂದೆ ಎಡಕ್ಕೆ ದೋಹಿ, ಬಲಕ್ಕೆ ಮಾಲ್ಜಾ. ಅರ್ಥ ಅರ್ಧಂಬರ್ಧ ಗೊತ್ತಿದ್ದ ಆ ಪರಭಾಷೆಯ ಹಾಡನ್ನು ಅವಳು ಒಂದೂ ಉಸಿರು ಎಡವದೆ ಹಾಡಿದಳು. ಎರಡನೆಯ ಚರಣದಲ್ಲಿ ಮಾಲ್ಜಾಳ ದನಿ ನಡುಗಿ ಕೆಳಗಿಳಿದಾಗ, ತನ್ನ ದನಿಯನ್ನು ಅವಳ ಸ್ವರದ ಮೇಲೆ ಹೊದಿಸಿ ಎತ್ತಿಕೊಂಡು ಹೋದಳು. ಮೇಜಿನ ಹಿಂದಿನವರಿಗೆ ಅದು ಗೊತ್ತಾಗಲಿಲ್ಲ. ನಡುವೆ ಕೂತಿದ್ದವನು ಬರೆಯುವುದನ್ನು ನಿಲ್ಲಿಸಿ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಸುಮ್ಮನೆ ಕೇಳಿದ.

ಹನ್ನೊಂದು ಗಂಟೆಗೆ ಹಲಗೆಯ ಮೇಲೆ ಫಲ ಬರೆದರು. ಎಎ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಕೇರಿಗೆ ಮುಟ್ಟಿತ್ತು. ಬಟ್ಟೆ ಅಂಗಡಿಯವಳು, ಸ್ನಾನದ ಮನೆಯವಳು, ಬೆಣ್ಣೆ ಬಿಸ್ಕತ್ತಿನ ಮುದುಕ ಎಲ್ಲರೂ ಬಾಗಿಲಿಗೆ ಬಂದು, "ಇನ್ಸುಕ್ ಅಮ್ಮ, ಸಿಹಿ ಎಲ್ಲಿ? ಇನ್ಸುಕ್ ಅಮ್ಮ, ಓಕಿನಾವಾದಿಂದ ನನಗೊಂದು ಛತ್ರಿ ತರಿಸು" ಎಂದು ಕೂಗಿ ಹೋದರು. ಈ ಕೇರಿಯಲ್ಲಿ ಯಾವ ಹೆಂಗಸನ್ನೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ, ಹಿರಿಯ ಮಗುವಿನ ಹೆಸರು ಹಿಡಿದೇ ಕರೆಯುತ್ತಾರೆ. ಸುನ್ಯೆ ದನದ ಮೂಳೆಯ ಸಾರು ಮಾಡಿದ್ದಳು. ಬೊಬೆಯ ಬಟ್ಟಲಿಗೆ ಮಾಂಸದ ತುಂಡು ಹೆಚ್ಚಿಗೆ ಹಾಕಿದಳು.

ಬೊಬೆ ಚಮಚ ಮುಟ್ಟಲಿಲ್ಲ. ನಮೂನೆಯನ್ನು ತೆಗೆದು ಬಟ್ಟಲಿನ ಪಕ್ಕ ಇಟ್ಟಳು.

"ಊಟ ಮಾಡು ಮೊದಲು."

"ಒತ್ತಿ."

ಸುನ್ಯೆ ಸೊಂಟದ ಚೀಲದಿಂದ ಮರದ ಮೊಹರು ತೆಗೆದಳು. ಕೆಂಪು ಮಸಿಯ ಡಬ್ಬಿ ತೆರೆದಳು. ಮೊಹರನ್ನು ಮಸಿಗೆ ಅದ್ದಿ, ಬಾಯಿಯ ಹತ್ತಿರ ತಂದು, ಹಾ ಎಂದು ಉಸಿರು ಬಿಟ್ಟು ಒದ್ದೆ ಮಾಡಿಕೊಂಡಳು. ಮೊಹರು ಕಾಗದದ ಮೇಲೆ ಒಂದಂಗುಲ ಎತ್ತರದಲ್ಲಿ ನಿಂತಿತು. ಅಲ್ಲೇ ನಿಂತಿತು.

"ಓಕಿನಾವಾ ಮುಗೀಲಿ," ಎಂದಳು ಸುನ್ಯೆ.

ಬೊಬೆ ನಮೂನೆಯನ್ನು ಮೊಹರಿನ ಕೆಳಕ್ಕೆ ಇನ್ನಷ್ಟು ತಳ್ಳಿದಳು.

"ಎಎ ಬಂದಿದೆ ಕಣೇ. ಕಾಗದ ಎಲ್ಲಾ ಅವಳ ಹೆಸರಲ್ಲಿದೆ. ಈಗ ಅವಳು ಸತ್ಳು ಅಂತ ಬರೆದ್ರೆ ಹೋಗೋದು ಯಾರು? ನಾಲ್ಕೇ ತಿಂಗಳು. ಬಂದ ದಿನಾನೇ ಒತ್ತಿ ಕೊಡ್ತೀನಿ."

"ಇನ್ಸುಕ್ ಮೇಲೆ ಆಣೆ ಇಟ್ಟಿದ್ರಿ."

"ಇಟ್ಟಿದ್ದೆ." ಸುನ್ಯೆ ಮೊಹರನ್ನು ಬಟ್ಟೆಯಿಂದ ಒರೆಸತೊಡಗಿದಳು. "ಹೊರಗೆ ಕೇಳಿದ್ಯಲ್ಲ ಅವರು ಕೂಗಿದ್ದು? ಇನ್ಸುಕ್ ಅಮ್ಮ. ನಾನೇ ಮೊಹರು ಒತ್ತಿ ಅವಳನ್ನ ಸಾಯಿಸಿ ಬಂದ್ರೆ, ನಾಳೆ ಬೆಳಿಗ್ಗೆ ಆ ಬಾಗಿಲಲ್ಲಿ ನಾನು ಯಾರೇ? ಆ ಕಚೇರಿ ಪುಸ್ತಕದಲ್ಲಿ ಅವಳಿಗೆ ಇಪ್ಪತ್ನಾಲ್ಕು ವರ್ಷ. ನನ್ನ ಕೈಯಿಂದ ಹನ್ನೊಂದಕ್ಕೆ ಇಳಿಸು ಅಂತೀಯಾ?"

"ನಾನು ಬದುಕಿದ್ದೀನಿ ಅಮ್ಮ. ನನ್ನನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ."

"ಅನ್ನ ತಿನ್ನೋಕೆ ಪುಸ್ತಕ ಬೇಕಾ? ಸಾರು ಆರ್ತಾ ಇದೆ."

ಬೊಬೆ ಎದ್ದಳು. ಗೂಟದಿಂದ ಕೋಟು ತೆಗೆದಳು. ಮಿಂಚುವ ಬಿಲ್ಲೆಗಳ ಉಡುಪನ್ನು ಅಲ್ಲೇ ಎಲ್ಲರ ಮುಂದೆ ಕಳಚಿ, ಹಳೆಯ ಉಣ್ಣೆಯ ಲಂಗ ಹಾಕಿಕೊಂಡು, ಅದರ ಮೇಲೆ ಕೋಟು ತೊಟ್ಟಳು. ಉಡುಪನ್ನು ನೀಟಾಗಿ ಮಡಿಸಿ ಸುನ್ಯೆಯ ಪಕ್ಕದಲ್ಲಿ ಇಟ್ಟಳು. ನಾಗರಿಕ ಚೀಟಿಯನ್ನು ಅದರ ಮೇಲೆ ಇಟ್ಟಳು.

"ಎಲ್ಲಿಗೆ ಹೋಗ್ತೀಯೆ, ಚೀಟಿ ಇಲ್ದೆ?" ದೋಹಿಗೆ ಈಗ ಭಯವಾಗಿತ್ತು. "ಮೊದಲ ಚೌಕದಲ್ಲೇ ಪೊಲೀಸಿನೋರು ಹಿಡೀತಾರೆ."

"ಹಿಡೀಲಿ. ಹೆಸರು ಕೇಳ್ತಾರಲ್ಲ. ಹೇಳ್ತೀನಿ."

"ಹೋಗ್ಲಿ ಬಿಡೇ ಅವಳು," ಎಂದಳು ಸುನ್ಯೆ. ನಾಲಿಗೆ ಇನ್ನೂ ಚೂಪಾಗಿಯೇ ಇತ್ತು. "ದಿಕ್ಕಿಲ್ಲದ ಹುಡುಗೀರು ಈ ಊರಲ್ಲಿ ಬೀದಿಗೆ ಹತ್ತು ಜನ ಇದ್ದಾರೆ. ಹಾಡೋ ಗಂಟಲಿರೋಳನ್ನ ಒಬ್ಬಳನ್ನ ಹಿಡಿದು ತರ್ತೀನಿ. ಸೋಮವಾರದ ಹೊತ್ತಿಗೆ ಅವಳೇ ಇನ್ಸುಕ್."

"ತನ್ನಿ," ಎಂದಳು ಬೊಬೆ. "ಅವಳನ್ನ ಹುಡುಕ್ಕೊಂಡು ಯಾರಾದ್ರೂ ಬಂದ್ರೆ, ಅವರಿಗೆ ಒಂದು ಲೋಟ ನೀರಾದ್ರೂ ಕೊಟ್ಟು ಕಳಿಸಿ."

ಮಾಲ್ಜಾ ಬಾಗಿಲಿಗೆ ಅಡ್ಡ ನಿಂತಳು. ಬೊಬೆ ಅವಳ ಕೆನ್ನೆಗೆ ಅಂಗೈ ಒತ್ತಿ, ಆ ಕೈಯಿಂದಲೇ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಹೊರಗಿನ ಕಲ್ಲಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಂಡಳು.

ಇಳಿಜಾರಿನ ಓಣಿಯಲ್ಲಿ ಅರ್ಧ ದಾರಿ ಇಳಿದಿರಬಹುದು, ಹಿಂದಿನಿಂದ ಸುನ್ಯೆ ಬರಿಗಾಲಿನಲ್ಲಿ ಬಾಗಿಲಿಗೆ ಓಡಿಬಂದು ಕೂಗಿದಳು. "ಇನ್ಸುಕ್!" ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. "ಏ ಇನ್ಸುಕ್, ಸಾರಾದ್ರೂ ಕುಡಿದು ಹೋಗೇ. ಇನ್ಸುಕ್."

ಮೂರು ಸಲವೂ ಅದೇ ಹೆಸರು. ಒಂದೇ ಒಂದು ಸಲ ಬೊಬೆ ಎಂದು ಕರೆದಿದ್ದರೆ ಅವಳು ತಿರುಗುತ್ತಿದ್ದಳೋ ಏನೋ. ತಿರುಗಲಿಲ್ಲ. ಕೋಟಿನ ಕಾಲರು ಎತ್ತಿಕೊಂಡು ಟ್ರಾಮಿನ ಹಳಿ ದಾಟಿ ನಡೆದುಹೋದಳು. ಮತ್ತೆ ಆ ಓಣಿಗೆ ಬರಲಿಲ್ಲ.